ತೊಳೆಯದೆ ಇಟ್ಟ ಬೋರ್ಡು

ಲ್ಯಾನ್‌ಹ್ಯಾಮ್, ಮೇರಿಲ್ಯಾಂಡ್
11 ಜನವರಿ 2026, ಭಾನುವಾರ

ಚೈತನ್ಯಾ, ನನ್ನ ಕೂಸೇ,

ನಿನ್ನ ಬ್ಯಾಟರಿ ಸ್ಕೇಟ್‌ಬೋರ್ಡು ಹೆಚ್ಚುಕಮ್ಮಿ ಕ್ಷೇಮವಾಗಿದೆ. ಉಳಿದವರ ಕ್ಷೇಮಸಮಾಚಾರ ಆಮೇಲೆ. ನೀನು ಕೇಳಿದ್ದು ಬೋರ್ಡೊಂದನ್ನೇ, ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ. ಕನ್ನಡ ಓದುವುದು ನಿನಗೆ ನಿಧಾನ ಎಂದು ಗೊತ್ತು. ಭಾನುವಾರದ ಬೆಳಿಗ್ಗೆಗಳಲ್ಲಿ ಅಡುಗೆಮನೆಯ ಮೇಜಿನ ಮುಂದೆ ಒತ್ತಕ್ಷರಕ್ಕೆ ಅಳುತ್ತಿದ್ದವಳು ನೀನು. ಆದರೂ ಇದನ್ನು ನಿನ್ನ ರೂಮ್‌ಮೇಟ್ ಜ್ಯೋತ್ಸ್ನಾಳ ಕೈಯಲ್ಲಿ ಓದಿಸಬೇಡ, ಫೋನಿಗೂ ತೋರಿಸಬೇಡ. ನೀನೇ ಕೂತು ಓದು. ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ನಾನು ಸುಳ್ಳು ಹೇಳಿದ್ದು ಇಂಗ್ಲಿಷಿನಲ್ಲಿ, ಅದಕ್ಕೇ ಬೇಡವೆನಿಸಿತು.

ನವೆಂಬರಿನಲ್ಲಿ, ಮೂರು ವಾರ ಮಾತೇ ಇಲ್ಲದ ಮೇಲೆ, ಈಗ ನೀನಿರುವ ಷಾರ್ಲೆಟ್‌ನಿಂದ ಕಳಿಸಿದ ಮೆಸೇಜಿನಲ್ಲಿ ಹೇಗಿದ್ದೀಯ ಎಂಬ ಪ್ರಶ್ನೆ ಇರಲಿಲ್ಲ. ವಿಂಟರ್‌ಗೆ ಬೋರ್ಡ್ ಎತ್ತಿಡು, ಬ್ಯಾಟರಿ ಹಾಫ್ ಮಾತ್ರ ಚಾರ್ಜ್ ಮಾಡು, ಗರಾಜ್‌ನಲ್ಲಿ ಬೇಡ, ಹೀಟರ್ ಹತ್ತಿರ ಬೇಡ, ತಿಂಗಳಿಗೊಮ್ಮೆ ಚೆಕ್ ಮಾಡು. ಕೊನೆಯ ಸಾಲು ಮಾತ್ರ ಸ್ವಲ್ಪ ಮೆತ್ತಗಿತ್ತು. ಅಮ್ಮಾ ಪ್ಲೀಸ್, ವಾಶ್ ಮಾಡ್ಬೇಡ.

ನಾನು ಕುಕ್ಕರಿನ ಜೊತೆ ಬಂದ ಪುಸ್ತಕವನ್ನೂ ಕೊನೆಯ ಪುಟದವರೆಗೆ ಓದುವವಳು. ನಿನ್ನ ಬೋರ್ಡಿನದನ್ನು ಎರಡು ಸಲ ಓದಿದೆ. ಪೂರ್ತಿ ತುಂಬಿಸಿಟ್ಟರೆ ಬ್ಯಾಟರಿ ಊದಿಕೊಳ್ಳುತ್ತದಂತೆ, ಖಾಲಿ ಬಿಟ್ಟರೆ ಸತ್ತೇ ಹೋಗುತ್ತದಂತೆ. ಅಕ್ಕಿ ಡಬ್ಬವನ್ನು ಅರ್ಧಕ್ಕೆ ಬಿಟ್ಟು ಮುಚ್ಚಲು ಮನಸ್ಸು ಬಾರದ ನನ್ನಂಥವಳಿಗೆ ಇದು ಕಷ್ಟದ ಕೆಲಸ. ಚಾರ್ಜ್ ತೋರಿಸುವ ನಾಲ್ಕು ದೀಪಗಳಲ್ಲಿ ಎರಡು ಹತ್ತುವವರೆಗೆ ಪಕ್ಕದಲ್ಲೇ ಕೂತಿದ್ದು ತಂತಿ ಕಿತ್ತೆ. ಚಕ್ರದ ಸಂದಿಯ ಮಣ್ಣನ್ನು ಒಣ ಬ್ರಶ್ಶಿನಿಂದ ತೆಗೆದೆ. ಮೋಟಾರಿಗೆ ಸುತ್ತಿಕೊಂಡ ನಿನ್ನ ಕೂದಲು ಒಂದೆಳೆ ಸಿಕ್ಕಿತು. ಆಮೇಲೆ ನೀನು ಕಾಲಿಟ್ಟು ನಿಲ್ಲುವ ಮೇಲ್ಭಾಗಕ್ಕೆ ಬಂದೆ, ಉಪ್ಪುಕಾಗದದ ಹಾಗೆ ತರಿತರಿಯಾದ ಆ ಕಪ್ಪು ಹಾಳೆ. ಅದರ ಮೇಲೆ ಅಂಗೈಯಗಲದ ಕಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು. ಬ್ಯಾಟರಿಗೆ ನೀರು ತಾಗೀತೆಂದು ನೀನು ತೊಳೆಯಬೇಡ ಎಂದಿದ್ದೀಯ ಎಂದುಕೊಂಡಿದ್ದವಳಿಗೆ ಆಗ ಅರ್ಥವಾಯಿತು. ನೀನು ಎತ್ತಿಡಲು ಹೇಳಿದ್ದು ಆ ಕಲೆಯನ್ನು. ಬಟ್ಟೆಯನ್ನು ಹಿಂಡಿ ಒಣಗಲು ಹಾಕಿದೆ.

ದೀಪಾವಳಿಯ ಹಿಂದಿನ ಸಂಜೆ ನಮ್ಮ ಜರ್ಮನ್‌ಟೌನಿನ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ನಾನು ಬರೆಯಬೇಕು. ನೀನೂ ಅಲ್ಲೇ ಇದ್ದವಳು. ಆದರೆ ನನ್ನ ಬಾಯಿಂದ ನೀನು ಅದನ್ನು ಕೇಳಿಲ್ಲ. ನಿನ್ನ ಅಜ್ಜಿ ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ, ಎತ್ತಲಿಲ್ಲ. ಅಷ್ಟೇ ಕಾರಣ. ನಿನ್ನ ಅಪ್ಪ ನನ್ನ ಒದ್ದೆ ಜಡೆ ಹಿಡಿದು ಎಳೆದುಕೊಂಡು ಹೋಗಿ ಮುಖವನ್ನು ಫ್ರಿಜ್ಜಿನ ಬಾಗಿಲಿಗೆ ಎರಡು ಸಲ ಬಡಿದರು. ಮೂರನೆಯದಕ್ಕೆ ನೀನು ಒಳಗೆ ಬಂದೆ, ಕಂಕುಳಲ್ಲಿ ಬೋರ್ಡು ಇತ್ತು, ಹೆಲ್ಮೆಟ್ಟನ್ನು ಆಗಷ್ಟೇ ತೆಗೆದಿದ್ದೆ. ಅಮ್ಮನ್ನ ಬಿಡಿ ಎಂದು ನಮ್ಮಿಬ್ಬರ ನಡುವೆ ನಿಂತೆ. ಅವರು ಬೋರ್ಡನ್ನು ಕಿತ್ತುಕೊಂಡು ಬೀಸಿದರು. ಮೊದಲ ಏಟನ್ನು ನೀನು ಬಲಗೈಯಲ್ಲಿ ತಡೆದೆ, ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು. ಎರಡನೆಯದು ಹಣೆಗೆ, ತರಿತರಿ ಬದಿಯಿಂದ. ಚರ್ಮ ಸುಲಿದು ಹುಬ್ಬಿನ ಮೇಲೆ ಜೋತುಬಿತ್ತು. ಮೂರನೆಯ ಸಲ ಅವರು ಎತ್ತಿದಾಗ ನಾನು ನಿಂತಲ್ಲೇ ನಿಂತಿದ್ದೆ. ತಡೆಯಲಿಲ್ಲ. ಬೋರ್ಡು ಭಾರವಾಗಿ ಅವರ ಕೈಯಿಂದ ಜಾರಿತು, ನೀನು ಉಳಿದದ್ದು ಅದರಿಂದ, ನನ್ನಿಂದಲ್ಲ.

ಎಡಗೈಯಲ್ಲಿ ನೀನೇ ಪೊಲೀಸರಿಗೆ ಫೋನ್ ಮಾಡಿದೆ. ಬಂದ ಆಫೀಸರು ಬೋರ್ಡಿನ ಮೇಲಿನ ಕೆಂಪನ್ನು ತೋರಿಸಿ ಏನಿದು ಎಂದು ನನ್ನನ್ನು ಕೇಳಿದರು. ಕುಂಕುಮ ಎಂದೆ. ಈ ತಿಂಗಳ ಮೊದಲ ದಿನ ಆಯುಧಪೂಜೆ ಇತ್ತು, ನಾವು ಕಾರು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಇಡುತ್ತೇವೆ ಎಂದೆ. ಫೋನಿನಲ್ಲಿ ಕಾರಿನ ಪೂಜೆಯ ಫೋಟೋ ತೋರಿಸಿದೆ, ಟೈರಿನ ಕೆಳಗಿನ ನಿಂಬೆಹಣ್ಣು ಸಮೇತ. ಹುಡುಗಿ ಬೋರ್ಡಿನಿಂದ ಬಿದ್ದಳು, ಏಟಿನ ಗಾಬರಿಯಲ್ಲಿ ಏನೇನೋ ಹೇಳುತ್ತಿದ್ದಾಳೆ ಎಂದೆ. ಅವರು ಬರೆದುಕೊಂಡು, ಬೋರ್ಡಿನ ಫೋಟೋ ತೆಗೆದುಕೊಂಡು ಹೋದರು. ಸ್ಟ್ರೆಚರಿನ ಮೇಲಿಂದ ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಹೆದರಿದ್ದೆ ಎಂದಿಟ್ಟುಕೋ.

ನಮ್ಮವರು ಒಬ್ಬರೇ ಒಬ್ಬರು ಅಲ್ಲಿದ್ದಿದ್ದರೂ ನನ್ನ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ಕಾಲಿಡುವ ಜಾಗಕ್ಕೆ ಯಾರಾದರೂ ಕುಂಕುಮ ಇಡುತ್ತಾರೆಯೇ? ನಾನು ಇಟ್ಟದ್ದು ಬೋರ್ಡಿನ ಮೂತಿಯ ಅಡಿಗೆ ಒಂದು ಬೊಟ್ಟು, ನಾಲ್ಕು ಚಕ್ರಕ್ಕೆ ನಾಲ್ಕು. ಚಕ್ರದವು ನೀನು ಓಡಿಸಿ ಓಡಿಸಿ ಅಳಿಸಿಹೋಗಿವೆ. ಮೂತಿಯದು ಇನ್ನೂ ಇದೆ. ಕುಂಕುಮ ಇಂದಿಗೂ ಕುಂಕುಮದ ಬಣ್ಣದಲ್ಲೇ ಇದೆ. ನಿನ್ನ ರಕ್ತ ಮಾತ್ರ ಕಂದಾಗಿದೆ.

ನಿನ್ನ ಅಪ್ಪನಿಗೆ ಬೋರ್ಡನ್ನು ಕಸದ ಗಾಡಿಗೆ ಹಾಕಿದೆ ಎಂದು ಹೇಳಿ, ಅದನ್ನು ದೇವರ ಕಪಾಟಿನ ಕೆಳ ಅರೆಯಲ್ಲಿ ಪೂಜೆಗೆ ಉಡುತ್ತಿದ್ದ ಹಳೆಯ ಮಗುಟದಲ್ಲಿ ಸುತ್ತಿಟ್ಟೆ. ಒಣ ಜಾಗ, ಹೀಟರ್ ದೂರ. ಅವರು ಗಂಟೆ ಅಲ್ಲಾಡಿಸಿ ಹೊರಡುವವರೇ ಹೊರತು ಬಗ್ಗಿ ನೋಡುವವರಲ್ಲ. ಒಂದೇ ತೊಂದರೆ, ಬ್ಯಾಟರಿಯನ್ನು ಬೆಂಕಿಯ ಹತ್ತಿರ ಇಡಬಾರದೆಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಹಾಗಾಗಿ ದೀಪ ಹಚ್ಚುವುದನ್ನು ಬಿಟ್ಟೆ. ಮದುವೆಯಾಗಿ ಇಪ್ಪತ್ತಮೂರು ವರ್ಷ ಒಂದು ದಿನವೂ ತಪ್ಪಿಸದ ದೀಪ. ತಿಂಗಳ ಮೊದಲ ದಿನ ಬೋರ್ಡಿನ ಬಟನ್ ಒತ್ತುತ್ತಿದ್ದೆ, ಎರಡು ದೀಪ ಹತ್ತುತ್ತಿದ್ದವು. ಅವಕ್ಕೇ ಕೈಮುಗಿಯುತ್ತಿದ್ದೆ ಎಂದರೆ ನೀನು ನಗುತ್ತೀಯೇನೋ.

ಮೊನ್ನೆ ಗುರುವಾರ ಸಂಜೆ ಬೆಳ್ಳಿ ದೀಪದಲ್ಲಿ ಬತ್ತಿ ಒಣಗಿ ಜೇಡ ಬಲೆ ಕಟ್ಟಿದ್ದು ಅವರ ಕಣ್ಣಿಗೆ ಬಿತ್ತು. ದೀಪ ಯಾಕೆ ಹಚ್ಚಿಲ್ಲ ಎಂದರು. ಎಣ್ಣೆ ಮುಗಿದಿದೆ ಎಂದೆ. ಎಣ್ಣೆಯ ಬಾಟಲಿ ಅಲ್ಲೇ ಪಕ್ಕದಲ್ಲಿತ್ತು, ನನ್ನ ದಡ್ಡತನಕ್ಕೆ ಏನು ಹೇಳಲಿ. ಅದನ್ನು ನನ್ನ ಮುಖಕ್ಕೆ ಎಸೆದು, ಅರೆಯಿಂದ ಎಲ್ಲವನ್ನೂ ಹೊರಗೆಳೆದರು. ಮಗುಟ ಬಿಚ್ಚಿತು. ಅವರು ಬೋರ್ಡನ್ನು ಬಾತ್‌ರೂಮಿಗೆ ಒಯ್ದು ಟಬ್ಬಿಗೆ ಹಾಕಿ ಬಿಸಿನೀರು ತಿರುಗಿಸಿದರು.

ನಾನು ಟಬ್ಬಿನೊಳಗೆ ಹಾರಿ ಅದರ ಮೇಲೆ ಬೋರಲು ಬಿದ್ದೆ. ಬೆನ್ನಿಗೆ ಕುದಿಯುವ ನೀರು, ಅದರ ಮೇಲೆ ಅವರ ಕಾಲು. ತುಳಿದರು. ಎಷ್ಟು ಸಲವೋ ತಿಳಿಯದು. ಪಕ್ಕೆಲುಬು ಎರಡು ಮುರಿದಿವೆ, ಮುರಿಯುವಾಗ ನಿನ್ನ ಮಣಿಕಟ್ಟಿನ ಸದ್ದೇ ಬಂತು. ಆ ಸದ್ದು ಕೇಳಿದ ಮೇಲೆ ನನ್ನೊಳಗೆ ಹೆದರಿಕೆ ಎನ್ನುವುದು ಉಳಿಯಲಿಲ್ಲ. ಬೋರ್ಡನ್ನು ಅಪ್ಪಿಕೊಂಡೇ ಎದ್ದೆ, ಚಕ್ರದ ಕಬ್ಬಿಣದ ಅಚ್ಚು ಮುಂದಾಗುವಂತೆ ತಿರುಗಿಸಿ ಅವರ ಮೊಣಕಾಲಿಗೆ ಬೀಸಿದೆ. ಅವರು ಕೂಗಿಕೊಂಡು ಬಿದ್ದರು. ಬಿದ್ದ ಮೇಲೆ ಇನ್ನೊಮ್ಮೆ ಬೀಸಿದೆ. ಆ ಎರಡನೆಯದರ ಅಗತ್ಯವಿರಲಿಲ್ಲ. ಹಿತವಾಯಿತು, ಚೈತನ್ಯಾ.

ಬರಿಗಾಲಲ್ಲಿ ಹಿಮ ತುಳಿದುಕೊಂಡು ಕಾರು ಹತ್ತಿ, ಬೋರ್ಡನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ಲ್ಯಾನ್‌ಹ್ಯಾಮಿನಲ್ಲಿ ದೇವಸ್ಥಾನದ ಹತ್ತಿರವಿರುವ ಶ್ರೀಲತಾ ಆಂಟಿಯ ಮನೆಗೆ ಬಂದೆ. ಅವರೇ ಆಸ್ಪತ್ರೆಗೆ ಸೇರಿಸಿ ಪೊಲೀಸರನ್ನು ಕರೆದರು. ಅಕ್ಟೋಬರಿನಲ್ಲಿ ನಾನು ಹೇಳಿದ್ದು ಸುಳ್ಳು, ಅದು ನನ್ನ ಮಗಳ ರಕ್ತ ಎಂದು ಹೇಳಿ ಸಹಿ ಹಾಕಿದೆ. ಕಲೆ ನನ್ನ ಹೊಟ್ಟೆಯ ಅಡಿಗೆ ಬಂದಿದ್ದರಿಂದ ಅಂಚು ಮಾತ್ರ ನೆನೆದಿದೆ. ಬ್ಯಾಟರಿಗೆ ನೀರು ಹೋಗಿರಬಹುದು, ಅದಕ್ಕೆ ಕ್ಷಮಿಸು. ಬೋರ್ಡು ಒಯ್ಯಲು ಬಂದ ಆಫೀಸರಿಗೆ ಇದನ್ನು ಚಾರ್ಜ್ ಮಾಡಬಾರದು, ಹೀಟರ್ ಹತ್ತಿರ ಇಡಬಾರದು, ಏನೇ ಆದರೂ ತೊಳೆಯಬಾರದು ಎಂದು ಎರಡೆರಡು ಸಲ ಹೇಳಿದೆ. ಆಕೆ ಎಲ್ಲವನ್ನೂ ಚೀಲದ ಮೇಲೆ ಬರೆದುಕೊಂಡಳು. ಈ ಚಳಿಗಾಲ ಅದು ಅವರ ಹತ್ತಿರ ಇರುತ್ತದೆ.

ನಿನ್ನ ಅಪ್ಪ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಜೈಲಿನಲ್ಲಿದ್ದಾರೆ. ನನ್ನ ಎರಡನೆಯ ಏಟಿಗೆ ನನ್ನ ಮೇಲೂ ಕೇಸು ಬೀಳಬಹುದೆಂದು ವಕೀಲೆ ಹೇಳುತ್ತಾರೆ. ಬೀಳಲಿ. ಫೆಬ್ರವರಿ ಹತ್ತೊಂಬತ್ತಕ್ಕೆ ವಿಚಾರಣೆ. ಒಮ್ಮೆ ಸುಳ್ಳು ಹೇಳಿದ ನನ್ನ ಮಾತೊಂದೇ ಸಾಲದಂತೆ, ಬೋರ್ಡಿನ ಏಟು ತಿಂದ ನೀನೇ ಬಂದು ಹೇಳದಿದ್ದರೆ ಅವರು ಮನೆಗೆ ಮರಳಬಹುದು. ಬಾ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಕೈಗೆ ದಿನಾ ಎಣ್ಣೆ ಹಚ್ಚಿಕೋ.

ನಿನ್ನ ಅಮ್ಮ,
ಮೈಥಿಲಿ

ತಾ.ಕ.: ಪೊಲೀಸರ ಮುಂದೆ ಹೆದರಿ ಸುಳ್ಳು ಹೇಳಿದೆ ಎಂದು ಶ್ರೀಲತಾಗೂ ವಕೀಲೆಗೂ ಹೇಳಿದ್ದೇನೆ. ಮೇಲೆ ನಿನಗೂ ಹಾಗೇ ಬರೆದೆ. ಅದು ನಿಜವಲ್ಲ, ನಿನಗೂ ಗೊತ್ತು. ಆಗ ನಿನ್ನ ಅಪ್ಪನನ್ನು ಹೊರಗೆ ಪೊಲೀಸ್ ಕಾರಿನಲ್ಲಿ ಕೂರಿಸಿದ್ದರು. ಅಡುಗೆಮನೆಯಲ್ಲಿ ಆ ಆಫೀಸರು, ನೀನು, ನಾನು, ಮೂವರೇ. ಅಮ್ಮನಿಗೂ ಹೊಡೀತಾರೆ, ನಾನು ಚಿಕ್ಕವಳಿದ್ದಾಗಿಂದ, ಎಂದು ನೀನು ಆಗಷ್ಟೇ ಅವರಿಗೆ ಹೇಳಿದ್ದೆ. ಪರರ ಮುಂದೆ ನನಗೆ ನಾಚಿಕೆಯಾಯಿತು. ನಿನ್ನ ಬಾಯಿ ಮುಚ್ಚಿಸಲೆಂದೇ ಕುಂಕುಮ ಎಂದೆ. ನೀನು ಬಂದರೂ ಬಾರದಿದ್ದರೂ ಕೋರ್ಟಿನಲ್ಲಿ ಇದನ್ನೇ ಹೇಳುತ್ತೇನೆ.