ನಾನು ಮುಚ್ಚಿದ ಕಾಡು

ಅಕ್ಟೋಬರ್ 3, ಶುಕ್ರವಾರ

ಕಾಲಿನ ಕೆಸರು ತೊಳೆದಿಲ್ಲ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡಬೇಕು.

ಬೆಳಗಿನ ಜಾವ ಡಚ್ ಗಂಡಹೆಂಡತಿಯನ್ನು ಗುಡ್ಡ ಹತ್ತಿಸಿದೆ. ಎಂದಿನಂತೆ — ಟಾರ್ಚು, ಫ್ಲಾಸ್ಕಿನಲ್ಲಿ ಕಾಫಿ, ಕರಿದ ಬಾಳೆಹಣ್ಣು, ‘ಕೆಮ್ಮು ಬಂದರೆ ತೋಳಿಗೆ ಬಾಯಿಟ್ಟು ಕೆಮ್ಮಿ’ ಎಂಬ ಭಾಷಣ. ಬೆಳಕು ಹರಿಯುತ್ತಿದ್ದ ಹಾಗೆ ಸ್ವರ್ಗದ ಹಕ್ಕಿಯ ಗಂಡುಗಳು ಬಂದವು. ಕೆಂಪು ಗರಿ ಬಿಚ್ಚಿದವು, ತಲೆಕೆಳಗಾಗಿ ತೂಗಿದವು, ಗಂಟಲು ಹರಿಯುವಂತೆ ಕೂಗಿದವು. ಹೆಣ್ಣೊಂದು ಬಂದು ಕೂತಿತು. ನೋಡಿತು. ಹಾರಿಹೋಯಿತು. ‘ಇಷ್ಟು ಕುಣಿದರೂ ಸೊಪ್ಪು ಹಾಕಲಿಲ್ಲ ನೋಡಿ’ ಅಂದೆ. ಡಚ್ ಹೆಂಗಸು ನಗು ತಡೆಯಲಾರದೆ ಟೋಪಿ ಕಚ್ಚಿಕೊಂಡಳು.

ಇಳಿಯುವಾಗ ಕಂಡಿತು. ಹಕ್ಕಿ ಕುಣಿಯುವ ಮರದ ಬುಡಕ್ಕೆ ಹಳದಿ ಬಣ್ಣದ ಗುರುತು. ಸುತ್ತಲಿನ ಮರಗಳಿಗೂ.

ದಕ್ಕೆಯ ಮೇಲೆ ಹೆಸ್ಕೀಲ್ ಚಿಕ್ಕಪ್ಪ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ನೇರ ಕೇಳಿದೆ.

“ಚಿಕ್ಕಪ್ಪ, ಆ ಬಣ್ಣ ಯಾರು ಬಳಿದಿದ್ದು?”

“ನಾನೇ. ಯಾಕೆ, ಚೆನ್ನಾಗಿಲ್ವಾ?”

ಸೊರೊಂಗ್ ಪಟ್ಟಣದ ಯಾವುದೋ ಪ್ರವಾಸದ ಕಂಪನಿಗೆ ಮಾತು ಕೊಟ್ಟಿದ್ದಾನಂತೆ. ಮರದ ಎದುರು ಕಬ್ಬಿಣದ ಅಟ್ಟಣೆ. ಕ್ಯಾಮೆರಾಕ್ಕೆ ಅಡ್ಡ ಬರುವ ಕೊಂಬೆಗಳನ್ನೆಲ್ಲ ಕಡಿಯುವುದು. ಮುಂದಿನ ಶನಿವಾರ ಫ್ರಾಂಕಿ ಅತಿಥಿಗಳನ್ನು ಕರೆತರುವಾಗ ಮರ ಕುಯ್ಯುವವರೂ ಬರುತ್ತಾರೆ. ಫ್ರಾಂಕಿ ಮನಾಡೊ ಊರಿನವನು, ತಂಡಗಳನ್ನು ದ್ವೀಪದಿಂದ ದ್ವೀಪಕ್ಕೆ ಸುತ್ತಿಸುವವನು. ನನಗೊಂದು ಮಾತು ಹೇಳಲಿಲ್ಲ, ಕಳ್ಳ.

“ಕುಣಿಯೋ ಕೊಂಬೆ ಸುತ್ತ ಎಲೆನ ಹಕ್ಕೀನೇ ಕಿತ್ಕೊಳ್ಳುತ್ತೆ. ತನಗೆಷ್ಟು ಬೇಕೋ ಅಷ್ಟು. ನೀವು ಬೋಳು ಮಾಡಿದ್ರೆ ಹದ್ದಿನ ಕಣ್ಣಿಗೆ ಬೀಳುತ್ತೆ. ಆಮೇಲೆ ಬರಲ್ಲ. ಆಚೆ ಊರಲ್ಲಿ ಏನಾಯ್ತು?”

“ಆಚೆ ಊರಿನ ಹಕ್ಕಿ ಸೋಮಾರಿ.”

“ಅದು ಅಪ್ಪನ ಕಾಡು.”

“ನಿಮ್ಮಪ್ಪ ಹೋದ. ಗಂಡುಮಕ್ಕಳಿಲ್ಲ. ನೀನು ಮದುವೆಯಾಗಿ ಸೊರೊಂಗ್‌ಗೆ ಹೋದವಳು. ಗಂಡನ್ನ ಬಿಟ್ಟು ಬಂದೆ, ಇರೋಕೆ ಮನೆ ಕೊಟ್ವಿ. ಹಕ್ಕಿ ತೋರಿಸ್ಕೊಂಡು ಬದುಕು ಅಂದ್ವಿ. ಅಷ್ಟರಲ್ಲೇ ಇರಮ್ಮ.”

ಇರಮ್ಮ! ನಾಯಿಗೆ ಹೇಳುವ ಹಾಗೆ.

ಅಕ್ಟೋಬರ್ 5, ಭಾನುವಾರ

ಮಾಡಿಬಿಟ್ಟೆ.

ಪ್ರಾರ್ಥನೆ ಮುಗಿದು ಪಾದ್ರಿ ‘ಯಾರಿಗಾದರೂ ಹೇಳುವುದಿದೆಯೇ’ ಅಂದರು. ಎದ್ದು ನಿಂತೆ.

“ಹೊಳೆಯಿಂದ ಕರಿಬಂಡೆವರೆಗೂ ನಮ್ಮಪ್ಪನ ಕಾಡಿಗೆ ಸಾಸಿ ಹಾಕ್ತಿದೀನಿ. ಯಾವ ಮನೆತನದವರ ಕಾಲೂ ಬೀಳಬಾರದು. ನನ್ನ ಕಾಲೂ.”

ಗುಜುಗುಜು ಎದ್ದಿತು. ಮೂರು ವರ್ಷದ ಹಿಂದೆ ನಾವು ಹೆಂಗಸರು ಸೇರಿ ಕಡಲಿನ ಹವಳದ ದಿಬ್ಬಕ್ಕೆ ಸಾಸಿ ಹಾಕಿ ಯಾರೂ ಮುಟ್ಟದಂತೆ ಮುಚ್ಚಿದ್ದೆವು, ಕಡಲಸೌತೆ ಎಂಬ ಜೀವಿ ಉಳಿಯಲಿ ಎಂದು. ಅದು ಕಡಲು. ಕಾಡನ್ನು ಹೆಂಗಸು ಮುಚ್ಚಿದ್ದು ಈ ಊರಲ್ಲಿ ಇಲ್ಲ. ಪಾದ್ರಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕೊನೆಗೆ ಕಣ್ಣು ಮುಚ್ಚಿ ಚಿಕ್ಕದೊಂದು ಪ್ರಾರ್ಥನೆ ಹೇಳಿದರು. ಆಮೆನ್ ಅಂದವರಲ್ಲಿ ಹೆಚ್ಚಿನವರು ಹೆಂಗಸರೇ.

ಆಯಿತಲ್ಲ! ದೇವರೆದುರು ಹೇಳಿ, ದಾರಿಗೆ ಎಳೆ ತೆಂಗಿನ ಗರಿ ಕಟ್ಟಿದ ಮೇಲೆ, ಕಟ್ಟಿದವರೇ ಬಿಚ್ಚುವ ತನಕ ಯಾರೂ ದಾಟುವ ಹಾಗಿಲ್ಲ. ದಾಟಿದರೆ ಹೊಟ್ಟೆ ಊದುತ್ತದೆ, ದೋಣಿ ಮಗುಚುತ್ತದೆ. ಇಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಹೊರಗೆ ಚಿಕ್ಕಪ್ಪ ಅಡಿಕೆ ಉಗಿದು, ಎಲ್ಲರಿಗೂ ಕೇಳುವ ಹಾಗೆ ಅಂದ, “ಹೆಂಗಸು ಕಟ್ಟೋದು ಸಾಸಿ ಅಲ್ಲ, ಬರೀ ಗರಿ. ಪೊರಕೆಗಾಗುತ್ತೆ.” ಗಂಡಸರು ನಕ್ಕರು. ನಗಲಿ.

ರಾತ್ರಿ — ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ. ಪಕ್ಕದ ಮನೆಯ ಸಾರ್ಚೆ ಅಕ್ಕನ ಸಾಗು ಮರ! ಗುರುವಾರವಷ್ಟೇ ಉರುಳಿಸಿದ್ದಾಳೆ. ಬಿದ್ದಿರುವುದು ಕರಿಬಂಡೆಯ ಈಚೆ, ನಾನು ಮುಚ್ಚಿದ್ದರ ಒಳಗೆ. ಒಂದು ತುದಿಯಷ್ಟೇ ಕುಟ್ಟಿ ಕಾಂಡದೊಳಗಿನ ಹಿಟ್ಟು ತೆಗೆದಿದ್ದಳು. ಮಿಕ್ಕಿದ್ದು ಅಲ್ಲೇ ಹುಳಿಯಾಗುತ್ತದೆ. ಹಕ್ಕಿ ಕುಣಿಯುವ ಮರದವರೆಗೆ ಅಂದಿದ್ದರೆ ಸಾಕಿತ್ತು. ಕರಿಬಂಡೆ ಅಂದದ್ದು... ಕೇಳಲು ಜೋರಾಗಿತ್ತು, ಅಷ್ಟೇ. ಚರ್ಚಿನಲ್ಲಿ ಆಡಿದ ಗಡಿಯನ್ನು ಅಂಗಳದಲ್ಲಿ ನಿಂತು ಕಿರಿದು ಮಾಡಲಾಗುವುದಿಲ್ಲ.

ಅಕ್ಟೋಬರ್ 6, ಸೋಮವಾರ

ಗರಿ ಕಟ್ಟಿದೆ. ದಾರಿಗೆ ಅಡ್ಡ, ಎದೆ ಎತ್ತರಕ್ಕೆ. ಗಂಟು ಬಿಗಿಯುವಾಗಲೇ ಸಾರ್ಚೆ ಅಕ್ಕ ಬಂದಳು. ಹೆಗಲ ಮೇಲೆ ಸಾಗು ಕುಟ್ಟುವ ಕೊಡತಿ, ಬೆನ್ನಿಗೆ ಬುಟ್ಟಿ.

“ಕಟ್ಟು, ಕಟ್ಟು. ನನ್ನ ಒಲೆಗೂ ಒಂದು ಕಟ್ಟಿಬಿಡು.”

“ಅಕ್ಕ, ನೆನಪಾಗ್ಲಿಲ್ಲ. ಆಣೆಗೂ.”

“ನಿನಗೆ ಯಾವಾಗ ನೆನಪಾಗಿದೆ? ಬಾಯಿ ಮುಂದೆ ಓಡುತ್ತೆ, ತಲೆ ಹಿಂದಿಂದ ಕುಂಟ್ಕೊಂಡು ಬರುತ್ತೆ. ನಾಲ್ಕು ತಿಂಗಳ ಊಟ ಕಣೇ ಅದು! ಮಕ್ಕಳಿಗೆ ನಿನ್ನ ಹಕ್ಕಿ ಕೂಗು ಬಡಿಸ್ಲಾ?”

ಸರಿಯಾಗಿ ಬೈದಳು. ನಿಂತು ಬೈಸಿಕೊಂಡೆ. ಆಮೇಲೆ ಕೊಡತಿ ಕೆಳಗಿಟ್ಟು ನನ್ನ ಗಂಟನ್ನು ನೋಡಿದಳು. “ಇದೇನು ಗಂಟು, ಆಡು ಎಳೆದ್ರೆ ಬಿಚ್ಚುತ್ತೆ” ಅಂದು, ಬಿಚ್ಚದೆ, ಅದರ ಮೇಲೇ ಇನ್ನೊಂದು ಬಿಗಿದಳು. ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ನಾನು ಅಲ್ಲೇ ಕೂತು ಅತ್ತೆ.

ಅಕ್ಟೋಬರ್ 9, ಗುರುವಾರ

ಮೂರು ದಿನದಿಂದ ಗುಡ್ಡ ಹತ್ತಿಲ್ಲ. ಬೆಳಗಿನ ಜಾವ ಎಚ್ಚರವಾಗುತ್ತದೆ, ಹೋಗುವ ಹಾಗಿಲ್ಲ. ಅಂಗಳದಲ್ಲಿ ನಿಂತರೆ ಮೇಲಿನಿಂದ ಕೂಗು ಕೇಳುತ್ತದೆ. ವಾಕ್... ವಾಕ್-ವಾಕ್.

ಚಿಕ್ಕಪ್ಪ ಇವತ್ತು ಸಾರ್ಚೆ ಅಕ್ಕನಿಗೆ ಬೆಣ್ಣೆ ಹಚ್ಚಲು ಅವಳ ಮನೆಗೆ ಹೋಗಿದ್ದ. ನಾನು ಮೀನು ಕೊಡಲು ಹೋದವಳು ಹಿತ್ತಿಲಲ್ಲೇ ನಿಂತು ಕೇಳಿಸಿಕೊಂಡೆ.

“ಪಾಪ, ನಿನ್ನ ಸಾಗು ಕೊಳೀತಿದೆಯಲ್ಲಮ್ಮ. ದೊರ್ಸಿನಾಗೆ ಹೇಳು, ಒಂದೇ ದಿನ ಗರಿ ಬಿಚ್ಚಲಿ. ನಿನ್ನ ಹಿಟ್ಟು ತಗೊಂಡು ಬಾ, ಮತ್ತೆ ಕಟ್ಕೊಳ್ಳಲಿ. ಯಾರು ಬೇಡ ಅಂತಾರೆ?”

ಒಂದೇ ದಿನ! ಒಬ್ಬರಿಗೆ ಬಿಚ್ಚಿದರೆ ಎಲ್ಲರಿಗೂ ಬಿಚ್ಚಿದ ಹಾಗೆ. ಮತ್ತೆ ಕಟ್ಟಲು ಭಾನುವಾರ ಚರ್ಚಿನಲ್ಲಿ ಹೊಸದಾಗಿ ಹೇಳಬೇಕು, ಆ ಹೊತ್ತಿಗೆ ಮರ ಕುಯ್ಯುವ ಮೆಷಿನ್ನು ಬಂದಿರುತ್ತದೆ. ನರಿ ಬುದ್ಧಿ. ಅಕ್ಕ ಕೇಳಿದರೆ ನಾನು ಬಿಚ್ಚುತ್ತಿದ್ದೆ. ಇಲ್ಲ ಅನ್ನಲು ನನಗೆ ಮುಖವಿಲ್ಲ.

“ಹಂದಿ ತಿನ್ಲಿ ಬಿಡಿ ಮಾವ” ಅಂದಳು ಅಕ್ಕ. “ಹಂದಿಗೂ ಹೊಟ್ಟೆ ಇದೆ. ಕಾಫಿ ಕುಡೀತೀರಾ?”

ಮಧ್ಯಾಹ್ನ ಅವಳ ಮನೆಯಲ್ಲಿ ಅಂಗಡಿ ಅಕ್ಕಿಯ ಗಂಜಿ. ಕಿರಿಯವನು ಸಾಗು ಹಿಟ್ಟಿನ ಪಪೇಡ ಬೇಕು ಎಂದು ರಚ್ಚೆ ಹಿಡಿದ. ಅವನ ತಲೆಗೊಂದು ಮೊಟಕಿ, ನನ್ನ ಮುಖ ನೋಡದೆ, ನನಗೂ ಬಡಿಸಿದಳು.

ಅಕ್ಟೋಬರ್ 11, ಶನಿವಾರ, ಸಂಜೆ

ಬಂದರು. ಆರು ಮಂದಿ ಅತಿಥಿಗಳು, ಒಬ್ಬ ಮುದುಕನ ಹೆಗಲ ಮೇಲೆ ಫಿರಂಗಿಯಂಥ ಕ್ಯಾಮೆರಾ. ಹಿಂದಿನ ದೋಣಿಯಲ್ಲಿ ಮೆಷಿನ್ನು, ಇಬ್ಬರು ಆಳುಗಳು.

ಫ್ರಾಂಕಿ ದಕ್ಕೆಗೆ ಹಾರುವಾಗಲೇ ಶುರು. “ಅಕ್ಕಾ, ಕೈ ಮುಗೀತೀನಿ. ಅರ್ಧ ಭೂಮಿ ದಾಟಿ ಬಂದಿದ್ದಾರೆ. ಸ್ವರ್ಗದ ಹಕ್ಕಿ ತೋರಿಸ್ತೀನಿ ಅಂತ ಕರ್ಕೊಂಡು ಬಂದು ತೆಂಗಿನ ಗರಿ ತೋರಿಸಿ ಕಳಿಸ್ಲಾ?”

“ಬಣ್ಣ ಬಳಿಯೋಕೆ ಮುಂಚೆ ನನ್ನನ್ನ ಕೇಳಬೇಕು ಅನ್ನಿಸ್ಲಿಲ್ವಾ ನಿನಗೆ?”

“ಮನೆತನದ ಹಿರಿಯರು ಒಪ್ಪಿದ್ರಲ್ಲ...”

“ಹಂಗಾದ್ರೆ ಹಿರಿಯರೇ ತೋರಿಸ್ಲಿ.”

ಆಮೇಲೆ ಚಿಕ್ಕಪ್ಪನೇ ಮನೆಗೆ ಬಂದ. ಮೆತ್ತಗೆ ಕೂತ. ಹೇಳಿದ್ದು ಇದು: ಕೊಂಬೆ ಕಡಿಯುವುದಿಲ್ಲ. ಒಂದೂ. ಅಟ್ಟಣೆ ಮಾತ್ರ, ಅದೂ ನಾನು ತೋರಿಸಿದ ಜಾಗದಲ್ಲಿ. ಇನ್ನು ಮುಂದೆ ಕಂಪನಿಯ ತಂಡಗಳೆಲ್ಲ ನನ್ನ ಕೈಗೆ. ಬದಲಿಗೆ ನಾಳೆ ಚರ್ಚಿನಲ್ಲಿ ಎದ್ದು ನಿಂತು ಒಂದು ಮಾತು ಹೇಳಬೇಕು — ಹೆಣ್ಣುಮಗಳಿಗೆ ಕಾಡು ಮುಚ್ಚುವ ಹಕ್ಕಿಲ್ಲ, ತಪ್ಪಾಯಿತು.

“ಒಂದು ಮಾತು ಕಣಮ್ಮ. ಗಾಳಿಗೆ ಹೋಗುತ್ತೆ.”

ಕೇಳಿದ್ದೆಲ್ಲ ಸಿಕ್ಕಿತು. ಮರ, ಹಕ್ಕಿ, ಕೆಲಸ, ಅಕ್ಕನ ಸಾಗು ಕೂಡ. ಒಂದು ಮಾತಿಗೆ.

ನಾಳೆ ಆ ಮಾತು ಆಡಿದರೆ, ನಾಡಿದ್ದು ಅವನು ಕಡಿಯುವಾಗ ಯಾವ ಬಾಯಲ್ಲಿ ಬೇಡ ಅನ್ನಲಿ? ಅಪ್ಪನ ಹಿಂದೆ ಆ ಗುಡ್ಡ ಹತ್ತಿದವಳು ನಾನು. ಅವನ ಕಣ್ಣು ಮಂಜಾದಾಗ ಕೈ ಹಿಡಿದು ಹತ್ತಿಸಿದವಳೂ ನಾನು. ಆಗ ಎಲ್ಲಿದ್ದ ಈ ಹಿರಿಯ? ಹೇಳುವುದಿಲ್ಲ. ಸತ್ತರೂ ಹೇಳುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಅತಿಥಿಗಳ ತಪ್ಪೇನು? ರಾತ್ರಿಯೆಲ್ಲ ಅದೇ ಯೋಚನೆ. ಆಮೇಲೆ ಹೊಳೆಯಿತು. ನಾನು ಮುಚ್ಚಿದ್ದು ಕಾಲಿಗೆ. ಕಣ್ಣಿಗಲ್ಲ. ಮರ ಗುಡ್ಡದ ನೆತ್ತಿಯಲ್ಲಿದೆ, ಹೊಳೆಬಾಯಿಯ ಎದುರು ಕಡಲಿನಲ್ಲಿ ನಿಂತರೆ ನೆತ್ತಿ ಕಾಣುತ್ತದೆ.

ಕತ್ತಲಿರುವಾಗಲೇ ಆರೂ ಜನರನ್ನು ಎಬ್ಬಿಸಿ ಎರಡು ದೋಣಿಗೆ ತುಂಬಿದೆ. ಭಾನುವಾರ ದೇವರ ದಿನ, ಎಂಜಿನ್ ಹಾಕುವ ಹಾಗಿಲ್ಲ. ನಾನು ಒಂದಕ್ಕೆ, ಸಾರ್ಚೆ ಅಕ್ಕ ಇನ್ನೊಂದಕ್ಕೆ ಹುಟ್ಟು ಹಾಕಿದೆವು. ಫ್ರಾಂಕಿ ಗೊಣಗುತ್ತಾ ಹಿಂದೆ ಕೂತ. ದುರ್ಬೀನನ್ನು ನೆನೆಯದಂತೆ ತೊಡೆಗಳ ನಡುವೆ ಒತ್ತಿಹಿಡಿದಿದ್ದೆ. ದಾರಿಯುದ್ದಕ್ಕೂ ಬಿಳಿ ಪಾರಿವಾಳಗಳು ದ್ವೀಪ ಬಿಟ್ಟು ದ್ವೀಪಕ್ಕೆ ಹಾರಿದವು, ಮ್ಯಾಂಗ್ರೋವ್ ಬೇರಿನ ಮೇಲೆ ಮಿಂಚುಳ್ಳಿ. ಯಾರೂ ಅತ್ತ ನೋಡಲಿಲ್ಲ.

ಬಿಸಿಲು ಗುಡ್ಡದ ನೆತ್ತಿಗೆ ತಾಗಿತು. ಕೆಂಪು ಚುಕ್ಕೆ. ಇನ್ನೊಂದು. ಮೂರನೆಯದು ಬೆಂಕಿ ಕಿಡಿಯ ಹಾಗೆ ಹೊರಳಿತು. ಕೂಗು ನೀರಿನ ಮೇಲೆ ತೇಲಿ ಬಂತು, ಅಂಗಳದಲ್ಲಿ ಕೇಳುವುದಕ್ಕಿಂತ ಸ್ಪಷ್ಟ. ಕ್ಯಾಮೆರಾ ಮುದುಕ “ತುಂಬಾ ಸಣ್ಣದು” ಎಂದು ಮುಖ ಸಿಂಡರಿಸಿದ. ಅವನ ಪಕ್ಕದ ಹೆಂಗಸು ದುರ್ಬೀನಿಗೆ ಕಣ್ಣು ಹಚ್ಚಿದವಳು ತೆಗೆಯಲೇ ಇಲ್ಲ, ಸರದಿಗೆ ಜಗಳವೇ ಆಯಿತು. ವಾರದ ಮೇಲೆ ನೋಡುತ್ತಿದ್ದೇನೆ ನಾನೂ. ಬದುಕಿವೆ. ಕುಣಿಯುತ್ತಿವೆ. ದೋಣಿ ಅಲುಗಾಡುವಷ್ಟು ನಕ್ಕೆ.

ಗಂಟೆ ಹೊಡೆಯುವ ಮೊದಲು ಚರ್ಚು ಸೇರಿದೆವು. ಉಪ್ಪುನೀರು ಸಿಡಿದ ಬಟ್ಟೆಯಲ್ಲೇ. ಪಾದ್ರಿ ನನ್ನ ಕಡೆ ತಿರುಗಿದರು, ಚಿಕ್ಕಪ್ಪ ಮೊದಲೇ ಹೇಳಿಟ್ಟಿದ್ದ. “ದೊರ್ಸಿನಾ, ಏನೋ ಹೇಳೋದಿದೆಯಂತೆ.”

“ಹೋದ ವಾರಾನೇ ಹೇಳಿದೀನಿ ಪಾದ್ರಿಗಳೇ. ಅದೇ ಮಾತು.”

ಕೂತೆ. ಚಿಕ್ಕಪ್ಪನ ಕುತ್ತಿಗೆ ಕೆಂಪಾಯಿತು. ಹೊರಗೆ ಬಂದವನೇ ಎಲ್ಲರೆದುರು ಹೇಳಿದ, ನಾಳೆ ಬೆಳಿಗ್ಗೆ ಗರಿ ಕಡಿದು ಒಳಗೆ ಹೋಗುತ್ತೇನೆ, ಮೆಷಿನ್ನೂ ಬರುತ್ತದೆ, ಯಾರು ತಡೆಯುತ್ತಾರೋ ನೋಡುತ್ತೇನೆ.

ಅಕ್ಟೋಬರ್ 13, ಸೋಮವಾರ, ಬೆಳಿಗ್ಗೆ

ಗರಿಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಮೊಣಕಾಲ ಮೇಲೆ ಪುಸ್ತಕ, ಅಕ್ಷರ ಹೇಗಾದರೂ ಬರಲಿ.

ನಾನು, ಸಾರ್ಚೆ ಅಕ್ಕ ಬೆಳಕಾಗುವ ಮೊದಲೇ ಬಂದೆವು. ಚಿಕ್ಕಪ್ಪ ಬಂದ. ಕೈಯಲ್ಲಿ ಮಚ್ಚು. ಹಿಂದೆ ಮೆಷಿನ್ನು ಹೊತ್ತ ಇಬ್ಬರು, ಅವರ ಹಿಂದೆ ಫ್ರಾಂಕಿ, ಕ್ಯಾಮೆರಾ ಮುದುಕ, ಇನ್ನೂ ಹಿಂದೆ ಅರ್ಧ ಊರು. ದೂರದಲ್ಲಿ ನಿಂತಿದೆ, ಹತ್ತಿರ ಬಂದಿಲ್ಲ.

“ಏಳೇ ಆಚೆ.”

ಎದ್ದೆ. ಪಕ್ಕಕ್ಕೆ ಸರಿದೆ. ಅವನು ಇದನ್ನು ಎಣಿಸಿರಲಿಲ್ಲ. ಜಗಳಕ್ಕೆ ಸಿದ್ಧವಾಗಿ ಬಂದಿದ್ದ.

“ದಾರಿ ಬಿಟ್ಟಿದೀನಿ, ಚಿಕ್ಕಪ್ಪ. ಮಚ್ಚು ಯಾಕೆ ತಂದೆ? ಸಾಸಿ ಅಲ್ಲ, ಬರೀ ಗರಿ ಅಂದ್ಯಲ್ಲ. ಗರಿಗೆ ಮಚ್ಚು ಬೇಕಾ? ಕೈಯಲ್ಲಿ ಎತ್ತು, ತಲೆ ಬಗ್ಗಿಸು, ದಾಟಿ ಹೋಗು.”

ಮಚ್ಚು ಎತ್ತಿದ. ಇಳಿಸಿದ. ಎಡಗೈಯಿಂದ ಗರಿಯನ್ನು ಮುಟ್ಟಲು ಹೋದ, ಮುಟ್ಟಲಿಲ್ಲ. ಬಲಗಾಲು ಮುಂದಿಟ್ಟ — ಗರಿಯ ನೆರಳಿಗೆ ಒಂದು ಗೇಣು ಈಚೆ. ಅಲ್ಲೇ ನಿಂತಿತು ಕಾಲು. ನೆತ್ತಿಯಿಂದ ಬೆವರಿಳಿಯಿತು. ಇಷ್ಟು ವಯಸ್ಸಿನಲ್ಲಿ ಒಂದು ಸಾಸಿಯನ್ನೂ ದಾಟಿದವನಲ್ಲ ಅವನು. ಅದು ನನಗೂ ಗೊತ್ತು, ಊರಿಗೂ ಗೊತ್ತು. ಅವನಿಗೆ ಈಗ ಗೊತ್ತಾಗುತ್ತಿದೆ.

“ನೀವು ಹೋಗ್ರೋ” ಅಂದ ಆಳುಗಳಿಗೆ. ಅವರು ಅವನ ಕಾಲನ್ನೇ ನೋಡಿದರು. ಮೆಷಿನ್ನು ಕೆಳಗಿಟ್ಟರು.

ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಅಕ್ಕ ಚೀಲ ಬಿಚ್ಚಿ ಅವನಿಗೆ ಅಡಿಕೆ ಕೊಟ್ಟಳು. ತೆಗೆದುಕೊಂಡ. ಕಲ್ಲಿನ ಮೇಲೆ ಕೂತು ಅಗಿಯುತ್ತಿದ್ದಾನೆ, ನನ್ನತ್ತ ನೋಡದೆ.

ಈಗ ಫ್ರಾಂಕಿ ಅವನ ಹತ್ತಿರ ಬಗ್ಗಿ ಕೇಳುತ್ತಿದ್ದಾನೆ, ಮೆಲ್ಲಗೆ, “ಹಿರಿಯರೇ, ಮತ್ತೆ ಸಾಸಿ ಯಾವಾಗ ತೆಗೀತೀರಿ?”

ಚಿಕ್ಕಪ್ಪ ಉಗಿದ. ಮಚ್ಚಿನ ತುದಿಯಿಂದ ನನ್ನ ಕಡೆ ತೋರಿಸಿದ.

“ನನ್ನನ್ನೇನು ಕೇಳ್ತೀಯ? ಮುಚ್ಚಿದವಳು ಅಲ್ಲಿದ್ದಾಳೆ.”

ಫ್ರಾಂಕಿ ಈ ಕಡೆ ಬರುತ್ತಿದ್ದಾನೆ. ಬರಲಿ. ಮೊದಲು ಅಕ್ಕನ ಮಕ್ಕಳ ಊಟದ ಮಾತು, ಆಮೇಲೆ—