ಬೆನ್ನಿನ ಮಣ್ಣು

ಉಳವಿ, ಸೊರಬ ತಾಲ್ಲೂಕು
೧೪-೬-೧೯೫೮, ಶನಿವಾರ ಬೆಳಿಗ್ಗೆ

ಚಿರಂಜೀವಿ ಜಯಪ್ಪನಿಗೆ, ನಿನ್ನ ಅಪ್ಪ ತೋಟಪ್ಪ ಬರೆಯುವುದು.

ಮೈಯಲ್ಲಿ ಆರೋಗ್ಯವೇ? ಗಿರಣಿಯ ಹತ್ತಿಯ ಧೂಳು ಎದೆಗೆ ಇಳಿಯುತ್ತದೆ, ಹೋದ ತಿಂಗಳೆಲ್ಲ ಕೆಮ್ಮುತ್ತಿದ್ದೆ ಎಂದು ನಿಮ್ಮವ್ವನಿಗೆ ಬರೆದಿದ್ದೆಯಂತೆ. ಬೆಲ್ಲ ತಿನ್ನುತ್ತಿರು, ಬೆಳಿಗ್ಗೆ ಬಿಸಿನೀರು ಕುಡಿ. ಶಿಕಾರಿಪುರದಲ್ಲಿ ನಿಮ್ಮವ್ವ ಚೆನ್ನಾಗಿದ್ದಾಳೆ. ಕರಿ ಎಮ್ಮೆ ಹೆಣ್ಣುಗರು ಹಾಕಿದೆ. ನಾನೂ ಚೆನ್ನಾಗಿದ್ದೇನೆ, ಆದರೆ ಈ ಹೊತ್ತು ಸೊಂಟದಿಂದ ಕೆಳಗಿನ ಮೈ ನನ್ನದಲ್ಲ. ಯಾಕೆಂದು ಹೇಳುವುದಕ್ಕೇ ಈ ಕಾಗದ. ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾಗಬಹುದು. ಶಿರಾಳಕೊಪ್ಪದ ಕುಸ್ತಿ ಆಗಿ ನಾಲ್ಕು ವರ್ಷವಾಯಿತು. ಅಂದಿನಿಂದ ನಿನಗೂ ನನಗೂ ಮಾತಿಲ್ಲ. ನೀನು ಅವ್ವನಿಗೆ ಬರೆಯುತ್ತೀ, ಕೊನೆಯ ಸಾಲಿನಲ್ಲಿ ಅಪ್ಪಾರಿಗೆ ನಮಸ್ಕಾರ ಎನ್ನುತ್ತೀ. ಆಕೆ ಆ ಸಾಲನ್ನು ಎರಡು ಸಲ ಓದುತ್ತಾಳೆ, ನಾನು ಕೇಳಿಸದವನ ಹಾಗೆ ಅಡಿಕೆ ಕತ್ತರಿಸುತ್ತೇನೆ. ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಆದದ್ದು ನನಗೆ, ಅದೂ ನಿನ್ನೆ, ಅದೂ ಒಬ್ಬ ಜಪಾನಿಯ ಕೈಯಲ್ಲಿ.

ನಿನ್ನ ಸೋದರಮಾವ ಸದಾಶಿವಪ್ಪ ಈ ಸಲ ಜಪಾನಿ ಪದ್ಧತಿಯಲ್ಲಿ ಭತ್ತದ ಸಸಿಮಡಿ ಮಾಡಿದ್ದಾನೆ, ಬಂದು ನೋಡಿ ಭಾವ ಎಂದು ಹೇಳಿಕಳಿಸಿದ್ದ. ಬುಧವಾರ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ತಾಸು ನಿಂತಿತು. ಎಲ್ಲರೂ ಚಹಾಕ್ಕೆ ಇಳಿದರು, ನಾನು ಇಳಿಯಲಿಲ್ಲ, ಕುಸ್ತಿಯ ಕಣವಿದ್ದ ಕಡೆಯ ಕಿಟಕಿಯಿಂದ ನೋಡಲೂ ಇಲ್ಲ. ಸೊರಬದಲ್ಲಿ ಬಸ್ಸು ಬದಲಾಯಿಸಿ ಉಳವಿಗೆ ಬಂದರೆ ಮಾವನ ಗದ್ದೆಯ ಬದುವಿನ ಮೇಲೆ ಒಬ್ಬ ಬೆಳ್ಳಗಿನ ಹುಡುಗ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಕೆಸರು ತುಳಿಯುತ್ತಿದ್ದ. ಸಸಿಮಡಿ ಹೇಗೆ ಎತ್ತರಿಸಬೇಕೆಂದು ತೋರಿಸಲು ಎರಡು ತಿಂಗಳಿಗೆಂದು ಬಂದ ಜಪಾನಿನ ರೈತರ ಮಗ. ಇಪ್ಪತ್ತನಾಲ್ಕು ವರ್ಷ, ನಿನ್ನ ವಾರಿಗೆಯವನೇ. ಹೆಸರು ಇಶಿದ. ಊರವರು ಅದಕ್ಕೆ ಒಂದು ಅಪ್ಪ ಸೇರಿಸಿ ಇಶಿದಪ್ಪ ಮಾಡಿದ್ದಾರೆ. ರಾಗಿಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಾನೆ, ನುಂಗು ಎಂದರೆ ಹೆದರುತ್ತಾನೆ.

ಸಸಿಮಡಿಯ ಸಂಗತಿ ಇನ್ನೊಮ್ಮೆ ಹೇಳುತ್ತೇನೆ. ನನಗೆ ಬೇಕಾದದ್ದು ಬೇರೆ. ಈ ಹುಡುಗ ದಿನಾ ಬೆಳಗಾಗುತ್ತಲೇ ಬಿಳಿ ಅಂಗಿ ಬಿಳಿ ಚಲ್ಲಣ ತೊಟ್ಟು, ನಡುವಿಗೆ ಪಟ್ಟಿ ಬಿಗಿದು, ಚಾವಡಿಯ ಹಿಂದೆ ಒಬ್ಬನೇ ಏನೋ ಸಾಮು ಮಾಡುತ್ತಾನೆಂದು ಮಾವ ಹೇಳಿದ. ಎದುರು ಮನೆಯ ಹುಲಿಯಮ್ಮನನ್ನು ಕೇಳಿದರೆ, “ಸಾಮೂ ಇಲ್ಲ ಏನೂ ಇಲ್ಲ ಕಣ್ರೀ, ಗಾಳೀಗೆ ಗುದ್ದುತ್ತೆ ಆ ಮಗು. ಗಾಳಿ ಏನು ಮಾಡಿತ್ತೋ ಪಾಪ” ಎಂದಳು. ಗರಡಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ನಾನು ನೋಡದೆ ಇರುತ್ತೇನೆಯೇ? ಗುರುವಾರ ಕೋಳಿ ಕೂಗುವ ಹೊತ್ತಿಗೆ ಹೋಗಿ ಕಲ್ಲಿನ ಮೇಲೆ ಕುಳಿತೆ. ಜಯಪ್ಪಾ, ಎಂಥ ಕಾಲು ಅಂತೀ! ಆ ಸಣ್ಣ ಮೈಯಲ್ಲಿ ಅಷ್ಟು ಬಲ ಎಲ್ಲಿ ಅಡಗಿತ್ತೋ. ಮುಷ್ಟಿ ಹೊರಟರೆ ತೋಳಿನ ಬಟ್ಟೆ ಚಾಟಿಯ ಹಾಗೆ ಸದ್ದು ಮಾಡುತ್ತದೆ. ಅದಕ್ಕೆ ಕರಾಟೆ ಎಂದು ಹೆಸರಂತೆ, ಬರಿಗೈಯ ವಿದ್ಯೆ. ಇದನ್ನೆಲ್ಲ ನನಗೆ ತಿಳಿಸಿದವನು ಗ್ರಾಮಸೇವಕ ಗುಡ್ಡಪ್ಪ. ಇಶಿದಪ್ಪನಿಗೆ ಬರುವುದು ಅರ್ಧ ಇಂಗ್ಲಿಷು, ಗುಡ್ಡಪ್ಪನಿಗೆ ಬರುವುದು ಇನ್ನರ್ಧ. ಇಬ್ಬರೂ ಸೇರಿ ಹೇಗೋ ಸಾಗಿಸುತ್ತಾರೆ.

ನಾನು ಅವನನ್ನು ಉಳವಿಯ ಗರಡಿಗೆ ಕರೆದೆ. ಬಾಗಿಲಲ್ಲಿ ಯಾರೂ ಹೇಳದೆಯೇ ಬೂಟು ಬಿಚ್ಚಿದ, ಮಣ್ಣಿಗೆ ಕಾಲಿಡುವ ಮೊದಲು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಅಲ್ಲಿಗೇ ನಾನು ಸೋತೆ ಅನ್ನು. ನೋಡುತ್ತ ನಿಂತಿದ್ದ ನನ್ನನ್ನು ಗುಡ್ಡಪ್ಪ ಕೇಳಿದ: “ಬೇಕಾದ್ರೆ ಒಂದು ತಾಸು ಕಲಿಸ್ತೀನಿ ಅಂತಾರ್ರೀ. ಮೊದಲನೇ ಪಾಠ. ನಿಮಗೆ ಆಗುತ್ತಾ?” ಐವತ್ತನಾಲ್ಕು ವರ್ಷದವನು, ಇಪ್ಪತ್ತೆರಡು ವರ್ಷ ಉಸ್ತಾದನಾಗಿ ಕೂತವನು, ಆಗುತ್ತಾ ಎಂದರೆ ಇಲ್ಲ ಅನ್ನಲೇ? ಆದರೆ ಶಿಷ್ಯನೆಂದರೆ ಶಿಷ್ಯನ ಹಾಗೇ ಇರಬೇಕು. ಶುಕ್ರವಾರ ಬೆಳಿಗ್ಗೆ ಎಲೆ ಅಡಿಕೆ ತೆಂಗಿನಕಾಯಿ ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದೆ. ಅವನು ಕಾಯಿ ಕೈಗೆ ತೆಗೆದುಕೊಂಡ. ಗರಡಿಯ ತುಂಬ ಜನ, ಈಗ ಅಂಗೈಯಿಂದ ಒಡೆಯುತ್ತಾನೆ ಎಂದು ಉಸಿರು ಹಿಡಿದಿದ್ದರು. ಅವನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ನೀರಿದೆ ಎಂದು ಸಂತೋಷಪಟ್ಟು, ಗೂಡಿನಲ್ಲಿ ಇಟ್ಟ.

ಪಾಠ ಶುರುವಾಯಿತು. ಮೊದಲು ಕಾಲು ಅಗಲಿಸಿ ಮಂಡಿ ಬಗ್ಗಿಸಿ ನಿಲ್ಲುವುದು. ಇದೇನು ಮಹಾ, ಸಾವಿರ ಬಸ್ಕಿ ಹೊಡೆದ ತೊಡೆ ಎಂದುಕೊಂಡೆ. ಏಳುವುದೂ ಇಲ್ಲ ಕೂರುವುದೂ ಇಲ್ಲ, ಅಲ್ಲೇ ನಿಲ್ಲಬೇಕು ನೋಡು. ನೂರು ಎಣಿಸುವುದರೊಳಗೆ ತೊಡೆ ನಡುಗತೊಡಗಿತು. ಕಿಟಕಿಯಾಚೆಯಿಂದ ಹುಲಿಯಮ್ಮ, “ತೋಟಪ್ಪಾರೇ, ಕೂತಿರೋ ಚಂದ ನೋಡಿದ್ರೆ ಒಂದು ಎಮ್ಮೆ ತಂದು ನಿಲ್ಲಿಸೋಣ ಅನ್ಸುತ್ತೆ. ಹಾಲಾದ್ರೂ ಸಿಕ್ತದೆ” ಎಂದಳು. ಆಮೇಲೆ ಮುಷ್ಟಿ. ಬೆರಳು ಮಡಚಿ ಹೆಬ್ಬೆರಳನ್ನು ಮೇಲೆ ಒತ್ತಬೇಕು. ನಗಬೇಡ, ನನಗೆ ಬರಲೇ ಇಲ್ಲ. ಕುಸ್ತಿಯವನ ಕೈ ಸದಾ ಬಿಚ್ಚಿರಬೇಕು, ಹಿಡಿಯಲು ಸಿದ್ಧವಿರಬೇಕು ಎಂದು ನಿನಗೂ ಕಲಿಸಿದವನು ನಾನೇ ಅಲ್ಲವೇ? ನನ್ನ ಬೆರಳು ಮಡಚಿದರೂ ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಇಶಿದಪ್ಪ ಸಿಟ್ಟಾಗಲಿಲ್ಲ. ಒಂದೊಂದೇ ಬೆರಳನ್ನು ಮಡಚಿಸಿದ, ಐದಲ್ಲ ಹತ್ತು ಸಲ. ಎಷ್ಟು ಸಲ ತಪ್ಪಿದರೂ ಮೊದಲ ಸಲದ ಮುಖವೇ. ನಿನಗೆ ಹಿಡಿತ ಕಲಿಸುವಾಗ ಮೂರನೆಯ ಸಲಕ್ಕೇ ನನ್ನ ದನಿ ಏರುತ್ತಿತ್ತು. ಅಲ್ಲಿ ನಿಂತಿದ್ದಾಗ ನನಗೆ ಅದು ನೆನಪಾಯಿತು.

ಮುಖ್ಯವಾದದ್ದು ಇನ್ನು ಮುಂದೆ. ಈ ವಿದ್ಯೆಯಲ್ಲಿ ಕಲಿಯುವಾಗ ಗುದ್ದು ಬೀಳುವುದಿಲ್ಲ. ಗಾಳಿ ಸೀಳಿಕೊಂಡು ಬಂದ ಮುಷ್ಟಿ ಮೂಗಿನಿಂದ ಎರಡು ಬೆರಳು ಈಚೆ ಗಕ್ಕನೆ ನಿಲ್ಲುತ್ತದೆ. ನಿಲ್ಲಿಸುವುದೇ ವಿದ್ಯೆ. ಅವನು ಗುದ್ದುತ್ತಾನೆ, ನಾನು ಎಡ ಮುಂಗೈಯಿಂದ ಪಕ್ಕಕ್ಕೆ ತಳ್ಳಬೇಕು. ಎರಡು ಸಲ ಸರಿಯಾಗಿ ತಳ್ಳಿದೆ. ಮೂರನೆಯ ಸಲ ಅವನು ಹೊಟ್ಟೆಯಿಂದ ಒಂದು ಕೂಗು ಹಾಕಿ ಬಂದ. ಆ ಕೂಗಿಗೆ ನನ್ನ ಬುದ್ಧಿ ಎಲ್ಲೋ ಹೋಯಿತು. ಎದುರಿನವನ ಕೈ ಚಾಚಿ ಬಂದಿದೆ, ಅಷ್ಟೇ ನನ್ನ ಕೈಗೆ ಗೊತ್ತಾದದ್ದು. ಮಣಿಕಟ್ಟು ಹಿಡಿದೆ, ಒಳಕ್ಕೆ ತಿರುಗಿದೆ, ಹೆಗಲು ಕೊಟ್ಟೆ. ನಮ್ಮ ಗರಡಿಯಲ್ಲಿ ಅಗಸರ ಪಟ್ಟು ಎನ್ನುತ್ತೇವಲ್ಲ, ಅದೇ. ನನ್ನ ಗುರು, ಸರ್ಕಾರದ ಅತಿಥಿ, ಸಮುದ್ರ ದಾಟಿ ಬಂದವನು, ನನ್ನ ತಲೆಯ ಮೇಲಿಂದ ಹಾರಿ ಮಣ್ಣಿನಲ್ಲಿ ಅಂಗಾತ ಬಿದ್ದ.

ಗುಡ್ಡಪ್ಪ ಗೋಡೆ ಹಿಡಿದುಕೊಂಡು, “ಹೋಯ್ತು, ನನ್ನ ನೌಕರಿ ಹೋಯ್ತು” ಎಂದು ಒಂದೇ ಸಮನೆ ಹೇಳುತ್ತಿದ್ದ. ನನಗೆ ಆ ಹುಡುಗನ ಕತ್ತಿನದೇ ಭಯ. ಅವರಮ್ಮನಿಗೆ ಏನೆಂದು ಬರೆಸುವುದು? ಅವನು ಮೂರು ಉಸಿರು ಹಾಗೇ ಮಲಗಿದ್ದು, ಎದ್ದು ನಿಂತು, ಸೊಂಟ ಬಗ್ಗಿಸಿ ನನಗೆ ನಮಸ್ಕಾರ ಮಾಡಿ ಏನೋ ಹೇಳಿದ. ಗುಡ್ಡಪ್ಪನಿಗೆ ಜೀವ ಬಂತು. “ಇನ್ನೊಂದ್ಸಲ ಮಾಡಿ ತೋರಿಸಿ ಅಂತಾರ್ರೀ, ಸ್ವಲ್ಪ ನಿಧಾನಕ್ಕೆ.” ಜನ ನಕ್ಕ ನಗುವಿಗೆ ಹೆಂಚು ಹಾರಬೇಕಿತ್ತು.

ನಾನು ಅವನನ್ನು ತಿರುಗಿಸಿ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಬೆನ್ನು ಒರೆಸಿದೆ. ಬಿಳಿ ಬಟ್ಟೆಗೆ ಹತ್ತಿದ ಕೆಮ್ಮಣ್ಣು ಪೂರ್ತಿ ಹೋಗಲಿಲ್ಲ. ಇದು ಯಾಕೆ ಎಂದು ಅವನು ಕೇಳಿದ. ಬೆನ್ನಿಗೆ ಹತ್ತಿದ ಮಣ್ಣಿಗೆ ಅವನವನ ಕೈ ಎಟುಕುವುದಿಲ್ಲ, ಬೀಳಿಸಿದವನೋ ಉಸ್ತಾದನೋ ಒರೆಸಬೇಕು, ಒರೆಸುವ ತನಕ ನಮ್ಮಲ್ಲಿ ಕುಸ್ತಿ ಮುಗಿದ ಲೆಕ್ಕವಿಲ್ಲ ಎಂದೆ. ಅದನ್ನು ಹೇಳುತ್ತಿದ್ದ ಹಾಗೇ ಕೈಯಲ್ಲಿದ್ದ ಟವೆಲ್ಲನ್ನು ನಾನೇ ಒಂದು ಸಲ ನೋಡಿದೆ. ಗುಡ್ಡಪ್ಪ ಅರ್ಧಂಬರ್ಧ ಹೇಳಿದ, ಹುಡುಗ ಪೂರ್ತಿ ಅರ್ಥ ಮಾಡಿಕೊಂಡ.

ಅರ್ಥ ಮಾಡಿಕೊಂಡದ್ದು ಹೇಗೆ ಗೊತ್ತಾಯಿತೆಂದರೆ, ಪಾಠದ ಕೊನೆಗೆ ಒಂದು ಕಾಲೆತ್ತಿ ಒದೆಯುವುದನ್ನು ತೋರಿಸಿದ. ನಡುಗುವ ತೊಡೆಯವನು ನಾನು, ಒದೆಯಲು ಎತ್ತಿದ ಕಾಲಿನ ಹಿಂದೆಯೇ ಇನ್ನೊಂದು ಕಾಲೂ ಹೊರಟಿತು. ಹೆಂಚು ನೋಡುತ್ತ ಬಿದ್ದೆ. “ಅಯ್ಯೋ, ಎಮ್ಮೆ ಒದೀತು” ಎಂದು ಹುಲಿಯಮ್ಮ ಕೂಗಿದಳು. ಎಲ್ಲರೂ ನಕ್ಕರು. ಇಶಿದಪ್ಪ ನಗಲಿಲ್ಲ. ಕೈ ಹಿಡಿದು ಎಬ್ಬಿಸಿ, ನನ್ನ ಟವೆಲ್ಲನ್ನೇ ತೆಗೆದುಕೊಂಡು, ಕತ್ತಿನಿಂದ ಸೊಂಟದ ತನಕ ನನ್ನ ಬೆನ್ನು ಒರೆಸಿದ. ದೇವರ ದೀಪ ಒರೆಸುವ ಹಾಗೆ, ನಿಧಾನವಾಗಿ. ಉಸ್ತಾದನಾದ ಮೇಲೆ ನನ್ನ ಬೆನ್ನು ಯಾರೂ ಒರೆಸಿರಲಿಲ್ಲ ಮಗಾ. ಬೀಳುವವನೇ ಆಗಿರಲಿಲ್ಲವಲ್ಲ. ಬಿದ್ದಾಗ ಮುಖ ಸುಟ್ಟ ಹಾಗಾಗಿತ್ತು. ಆ ಹುಡುಗ ಒರೆಸಿ ಮುಗಿಸುವ ಹೊತ್ತಿಗೆ ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಕಣ್ಣಿಗೆ ಧೂಳು ಹೋಗಿದೆ ಎಂದು ಮಾವನಿಗೆ ಹೇಳಿದೆ. ಅವನು ನಂಬಿದನೋ ಇಲ್ಲವೋ.

ಇವತ್ತು ಜಗಲಿಯಿಂದ ಇಳಿಯಲು ಇಬ್ಬರು ಬೇಕು. “ಏನು ಭಾವ, ಜಪಾನಿಗೆ ಟಿಕೆಟ್ಟು ತೆಗೆಸಲಾ?” ಎಂದು ಮಾವ ಬೆಳಗಿನಿಂದ ಹತ್ತು ಸಲ ಕೇಳಿದ್ದಾನೆ. ಆದರೂ ಬೆಳಿಗ್ಗೆ ಎದ್ದವನು ಮೊದಲು ಮಾಡಿದ ಕೆಲಸ ಮುಷ್ಟಿ ಕಟ್ಟಿದ್ದು. ಬಂತು! ಹೆಬ್ಬೆರಳು ನಿಲ್ಲಬೇಕಾದ ಕಡೆ ನಿಂತಿತು. ಈ ವಯಸ್ಸಿನಲ್ಲಿ ಕೈಗೆ ಹೊಸದೊಂದು ಬರುತ್ತದೆಂದು ನಾನು ಎಣಿಸಿರಲಿಲ್ಲ. ಇದನ್ನು ಯಾರಿಗೆ ಮೊದಲು ಹೇಳಲಿ ಎಂದು ಯೋಚಿಸಿದರೆ ನಿನ್ನ ಮುಖವೇ ಬಂತು. ಗುಡ್ಡಪ್ಪನ ಹತ್ತಿರ ನಾಲ್ಕು ಹಾಳೆ ಇಸಿದುಕೊಂಡು ಕೂತೆ.

ಕಾಗದ ಒಯ್ಯುವ ಬಸ್ಸಿನ ಹೊತ್ತಾಯಿತು. ಮಾವ ನಿನ್ನನ್ನು ಕೇಳಿದ್ದಾನೆ. ಕಲ್ಲೇಶ್ವರ ನಿನ್ನ ಎದೆಯನ್ನೂ ಕೈಕಾಲನ್ನೂ ಗಟ್ಟಿಯಾಗಿಡಲಿ, ತಿಂದದ್ದು ಮೈಗೆ ಹತ್ತಲಿ.

ನಿನ್ನ ಅಪ್ಪ,
ತೋಟಪ್ಪ

ಮರೆತಿದ್ದೆ. ಇಶಿದಪ್ಪ ನಮ್ಮ ಶಿಕಾರಿಪುರದ ಗರಡಿ ನೋಡಲು ಬರುತ್ತಾನೆ. ನಿನಗೆ ಭಾನುವಾರ ರಜೆ ಎಂದು ಗೊತ್ತಿದ್ದೇ ನಾಳೆಯದು ಬಿಟ್ಟು ಮುಂದಿನ ಭಾನುವಾರ, ಇಪ್ಪತ್ತೆರಡಕ್ಕೆ, ಬಾ ಎಂದಿದ್ದೇನೆ. ಶಿರಾಳಕೊಪ್ಪದಲ್ಲಿ ನೀನು ಬಿದ್ದು ಎದ್ದು ನನ್ನ ಕಡೆ ಬಂದೆ. ಟವೆಲ್ಲು ನನ್ನ ಹೆಗಲ ಮೇಲೇ ಇತ್ತು, ನಾನು ಬಸ್ಸಿನ ಕಡೆ ನಡೆದುಬಿಟ್ಟೆ. ನೀನು ಹನ್ನೊಂದು ಮೈಲಿ ನಡೆದು ಬಂದಾಗ ಬೆನ್ನಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತೆಂದು ನಿಮ್ಮವ್ವ ಹೇಳಿದಳು. ತಪ್ಪು ನನ್ನದು. ಆ ಕುಸ್ತಿಯನ್ನು ನಾನು ಮುಗಿಸಿಲ್ಲ. ಗರಡಿಯ ಮಣ್ಣು ಅಗೆಸಿ ಎಣ್ಣೆ ಮಜ್ಜಿಗೆ ಹಾಕಿಸಿರುತ್ತೇನೆ. ಇಶಿದಪ್ಪನ ಜೊತೆ ಒಂದು ಪಟ್ಟು ಹಿಡಿ, ಗೆಲ್ಲು, ಸೋಲು, ನಿನ್ನಿಷ್ಟ. ಟವೆಲ್ಲು ಮಾತ್ರ ತರಬೇಡ.