ಚಿಕ್ಕವಳ ಕಾಲೇಜು

ರೀ,

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಚಿಕ್ಕವಳನ್ನು ಕರೆದುಕೊಂಡು ಮರಗೆಲಸ ಕಲಿಸುವ ಕಾಲೇಜು ನೋಡಲು ಹೊರಟಿದ್ದೇನೆ. ಫೋನ್ ಮಾಡಿ ತಡೆಯಬೇಡಿ.

ನಿನ್ನೆ ನಿಮ್ಮ ಹಟಕ್ಕೆ ದೊಡ್ಡವಳು ಓದಿದ ಕಾಲೇಜಿಗೇ ಹೋದೆವಲ್ಲ, ಅಲ್ಲಿ ಲೈಬ್ರರಿಯವರು ಇವಳನ್ನು ಕಂಡು, ತೀರಿಕೊಂಡ ಅಕ್ಕನ ಹೆಸರು ಹಿಡಿದು ಕರೆದರು. ಇವಳು ತಿರುಗಿ, "ಹೇಳಿ ಮೇಡಂ" ಅಂದಳು. ನಿಮ್ಮ ಮುಖ ಅರಳಿತು.

ಬರುವಾಗ ನೀವು ಮುಂದೆ ನಡೆದಿದ್ದಿರಿ. ಇವಳನ್ನು, "ಯಾಕೆ ಓಗೊಟ್ಟೆ?" ಎಂದು ಕೇಳಿದೆ.

"ಅಪ್ಪ ಎಷ್ಟು ದಿನ ಆದ್ಮೇಲೆ ನಕ್ರು ಅಲ್ವಾ ಅಮ್ಮಾ. ನಾನೇ ಅಕ್ಕ ಆಗ್ತೀನಿ ಬಿಡು."

ರಾತ್ರಿಯಿಡೀ ಆ ಮಾತು ಕಿವಿಯಲ್ಲೇ ಇತ್ತು. ಒಬ್ಬಳನ್ನು ಕಳೆದುಕೊಂಡದ್ದು ಸಾಕು.

ಊಟದ ಮೇಜಿನ ಕಾಲು ಈಗ ಅಲ್ಲಾಡುತ್ತಿಲ್ಲ, ಗಮನಿಸಿದಿರಾ? ಸರಿಮಾಡಿದ್ದು ಇವಳು. ಸಂಜೆ ಬಂದಾಗ, ಹೇಗೆ ಮಾಡಿದೆ ಮಗಳೇ ಅಂತ ಒಂದು ಮಾತು ಕೇಳಿ.